ಬೆಕ್ಕು ಮನೆಯದಾದ ಬಗೆ

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಒಂದು ಒಕ್ಕಲುತನದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಜೊತೆ ಎತ್ತು, ಒಂದು ಎಮ್ಮೆ, ನಾಲ್ಕು ಆಡು, ಅಂಗಳದಲ್ಲಿ ಜವಾರಿ ಕೋಳಿಗಳು, ಬಾಗಿಲಲ್ಲಿ ನಾಯಿ. ಯಾರೋ ಗೋಣಿಚೀಲದಲ್ಲಿ ತುಂಬಿ ಸಂತೆಯ ಬಯಲಲ್ಲಿ ಬಿಟ್ಟುಹೋದ ಬೆಕ್ಕಿನ ಮರಿಯೊಂದನ್ನು ಆ ಮನೆಯ ಹುಡುಗಿ ಎತ್ತಿ ತರುತ್ತಾಳೆ. ನಾಯಿ ಬೊಗಳುತ್ತದೆ. ಮರಿ ಬೆನ್ನನ್ನು ಬಿಲ್ಲಾಗಿಸಿ, ಮೈಕೂದಲು ನಿಮಿರಿಸಿ, ಕಾಳಿನ ಚೀಲಗಳ ಹಿಂದೆ ಅಡಗುತ್ತದೆ. ಕೈ ಚಾಚಿದರೆ ಪರಚುತ್ತದೆ. ‘ನಾಯಿಗೂ ಬೆಕ್ಕಿಗೂ ಹುಟ್ಟಾ ಹಗೆ. ಬೆಕ್ಕು ನಂಬಿಕೆಯ ಪ್ರಾಣಿಯೂ ಅಲ್ಲ. ತಂದಲ್ಲೇ ಬಿಟ್ಟು ಬಾ’ ಎಂದು ಹಿರಿಯರು ಹೇಳುತ್ತಾರೆ.

ಈ ತೀರ್ಪು ಸರಿಯೇ? ಮರಿಯ ಮಟ್ಟಿಗೆ ಇದು ಜೀವನ್ಮರಣದ ಪ್ರಶ್ನೆ. ಉತ್ತರ ಹುಡುಕಲು ನಾವು ಬೆಕ್ಕಿನ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು. ಆ ಇತಿಹಾಸವನ್ನು ಒಂದು ಮಾತಿನಲ್ಲಿ ಹೇಳಬಹುದು: ಅದು ಅಂಜಿಕೆ ಇಳಿದ ಕಥೆ.

ಬೂದಿದಿಬ್ಬದ ದನಗಾರರು

ಕೃಷ್ಣಾ, ಭೀಮಾ ನದಿಗಳ ನಡುವಿನ ಸುರಪುರ ಸೀಮೆಯು ಪುರಾತತ್ತ್ವಜ್ಞರಿಗೆ ಚಿರಪರಿಚಿತ. ಇಲ್ಲಿಯ ಕೊಡೇಕಲ್ ಮತ್ತು ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಈ ಎರಡು ಕಡೆಯೂ ಉತ್ಖನನ ನಡೆಸಿದರು. ಈ ದಿಬ್ಬಗಳು ಸುಟ್ಟ ಸಗಣಿಯಿಂದ ಆದವು ಎಂಬುದು ಈಗ ಇತ್ಯರ್ಥವಾದ ಸಂಗತಿ. ಸುಮಾರು 4000 ವರ್ಷಗಳ ಹಿಂದೆ ಇಲ್ಲಿ ದನ ಸಾಕುವ ಜನ ನೆಲೆಸಿದ್ದರು. ದನಗಳ ದೊಡ್ಡಿ, ಅದರ ಪಕ್ಕದಲ್ಲೇ ವಾಸದ ಮನೆಗಳು, ಮಾಂಸ ಕಡಿಯುವ ನೆಲ, ಕಲ್ಲಿನ ಉಪಕರಣ ಮಾಡುವ ಜಾಗ ಇವೆಲ್ಲ ಬೂದಿಹಾಳದಲ್ಲಿ ಬೆಳಕಿಗೆ ಬಂದಿವೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬದಲ್ಲಿ ರೇಮಂಡ್ ಆಲ್ಚಿನ್ ಅವರು 1957ರಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡವು.

ದನ, ಕುರಿ, ಆಡುಗಳ ಎಲುಬುಗಳ ಜೊತೆಗೆ ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ನಾಯಿಯ ಎಲುಬುಗಳೂ ದೊರೆತಿವೆ. ಅಂದರೆ ‘ಹಲವು ಪ್ರಾಣಿಗಳ ಮನೆ’ ಈ ಭಾಗಕ್ಕೆ ಹೊಸದೇನಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ದನ, ಕುರಿ, ಆಡುಗಳು ಹಿಂಡಿನ ಪ್ರಾಣಿಗಳು. ನಾಯಿಯ ಪೂರ್ವಜ ತೋಳವೂ ಗುಂಪಿನಲ್ಲೇ ಬಾಳುವಂಥದ್ದು. ಗುಂಪಿನಲ್ಲಿ ಬದುಕುವ ಪ್ರಾಣಿಗೆ ಮುಂದಾಳುವಿನ ಬೆನ್ನು ಹಿಡಿಯುವ ಗುಣವಿರುತ್ತದೆ. ಆ ಸ್ಥಾನದಲ್ಲಿ ಮನುಷ್ಯ ನಿಂತ. ಬೆಕ್ಕಿನ ಪೂರ್ವಜನಾದರೋ ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅದನ್ನು ದೊಡ್ಡಿಗೆ ಅಟ್ಟಲಾಗದು, ಹಗ್ಗ ಹಾಕಿ ಗೂಟಕ್ಕೆ ಕಟ್ಟಲಾಗದು. ಹಾಗಾದರೆ ಅದು ಮನೆಯೊಳಗೆ ಬಂದದ್ದು ಹೇಗೆ?

ಇಲಿಯ ಬೆನ್ನು ಹತ್ತಿ

ಕಾಳು ಕೂಡಿಡುವುದನ್ನು ಮನುಷ್ಯ ಕಲಿತ ಕೂಡಲೇ ಇಲಿಗಳಿಗೆ ವರ್ಷವಿಡೀ ಸುಗ್ಗಿಯಾಯಿತು. ಇಲಿಗಳಿದ್ದಲ್ಲಿಗೆ ಕಾಡಿನ ಬೆಕ್ಕು ಬಂತು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಫೆಲಿಸ್ ಲಿಬಿಕಾ ಎಂಬ ಕಾಡುಜಾತಿಯೇ ಇಂದಿನ ಎಲ್ಲ ಸಾಕುಬೆಕ್ಕುಗಳ ಮೂಲ. 979 ಬೆಕ್ಕುಗಳ ಡಿಎನ್‌ಎಯನ್ನು ಹೋಲಿಸಿದ 2007ರ ಅಧ್ಯಯನವೊಂದು ಇದನ್ನು ಖಚಿತಪಡಿಸಿತು. ಮನುಷ್ಯರಲ್ಲಿ ಕಡಿಮೆ ಅಂಜುವ ಬೆಕ್ಕಿಗೆ ಕಣದ ಹತ್ತಿರ ಹೆಚ್ಚು ಇಲಿ ಸಿಕ್ಕವು. ಅದರ ಮರಿಗಳು ಹೆಚ್ಚು ಉಳಿದವು. ತಲೆಮಾರಿನಿಂದ ತಲೆಮಾರಿಗೆ ಅಂಜಿಕೆ ಇಳಿಯುತ್ತ ಬಂತು. ಮನುಷ್ಯ ಬೆಕ್ಕನ್ನು ಪಳಗಿಸಿದ ಎನ್ನುವುದಕ್ಕಿಂತ ಬೆಕ್ಕು ತಾನೇ ಪಳಗಿತು ಎನ್ನುವುದು ಹೆಚ್ಚು ಸರಿ.

ಇದು ಬರಿಯ ಊಹೆಯಲ್ಲ. ಸಾಕುಬೆಕ್ಕಿನ ಜೀನೋಮನ್ನು ಕಾಡುಬೆಕ್ಕುಗಳದರೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಯ್ಕೆಯ ಗುರುತು ಕಂಡ ಜೀನುಗಳಲ್ಲಿ ನೆನಪು, ಭಯದ ಕಲಿಕೆ ಮತ್ತು ಪ್ರತಿಫಲದಿಂದಾಗುವ ಕಲಿಕೆಗೆ ಸಂಬಂಧಿಸಿದವು ಇದ್ದವು.

ಬೆಕ್ಕು ಮನುಷ್ಯರ ನಂಟಿಗೆ ಅತಿ ಹಳೆಯ ಸಾಕ್ಷ್ಯ ಸೈಪ್ರಸ್ ದ್ವೀಪದ್ದು. ಅಲ್ಲಿಯ ಶಿಲೂರೊಕಾಂಬೋಸ್ ಎಂಬಲ್ಲಿ ಸುಮಾರು 9500 ವರ್ಷ ಹಳೆಯ ಮನುಷ್ಯನ ಸಮಾಧಿಯಿಂದ 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದರ ಇಡೀ ಅಸ್ಥಿಪಂಜರ ದೊರೆಯಿತು. ಆ ದ್ವೀಪದಲ್ಲಿ ಬೆಕ್ಕುಗಳು ಸಹಜವಾಗಿ ಇರಲಿಲ್ಲ. ಅಂದಮೇಲೆ ಯಾರೋ ಅವನ್ನು ದೋಣಿಯಲ್ಲಿ ಒಯ್ದಿರಬೇಕು. ಫ್ರಾನ್ಸಿನ ಜಾನ್-ಡೆನಿ ವಿಞ್ ಅವರ ತಂಡ 2004ರಲ್ಲಿ ಇದನ್ನು ವರದಿ ಮಾಡಿತು. ಹಾಗೆಂದು ಬೆಕ್ಕು ಬೇಗನೆ ಎಲ್ಲೆಡೆ ಹರಡಲಿಲ್ಲ. ಪ್ರಾಚೀನ ಬೆಕ್ಕುಗಳ ಜೀನೋಮ್ ಓದಿದ 2025ರ ಅಧ್ಯಯನದ ಪ್ರಕಾರ ಸಾಕುಬೆಕ್ಕು ಯೂರೋಪಿಗೆ ಹೋದದ್ದು ಸುಮಾರು 2000 ವರ್ಷಗಳ ಹಿಂದೆ, ಉತ್ತರ ಆಫ್ರಿಕದಿಂದ.

ನಮ್ಮ ಉಪಖಂಡದ ಒಂದು ಸಾಕ್ಷ್ಯ ಬಹಳ ಸ್ವಾರಸ್ಯದ್ದು. ಸಿಂಧ್ ಪ್ರಾಂತದ ಚನ್ಹುದಾರೊ ಎಂಬ ಸಿಂಧೂ ನಾಗರಿಕತೆಯ ಊರನ್ನು ಅರ್ನೆಸ್ಟ್ ಮ್ಯಾಕೆ 1935-36ರಲ್ಲಿ ಅಗೆದರು. ಅಲ್ಲಿ ಸಿಕ್ಕ ಇಟ್ಟಿಗೆಯೊಂದರ ಮೇಲೆ ಬೆಕ್ಕಿನ ಹೆಜ್ಜೆ ಮತ್ತು ನಾಯಿಯ ಹೆಜ್ಜೆ ಎರಡೂ ಮೂಡಿವೆ. ಇಟ್ಟಿಗೆ ಹಸಿಯಾಗಿದ್ದಾಗ ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿರಬೇಕು ಎಂಬುದು ಮ್ಯಾಕೆ ಅವರ ಊಹೆ. ಹೆಜ್ಜೆ ಗುರುತು ನೋಡಿ ಆ ಬೆಕ್ಕು ಸಾಕಿದ್ದೋ ಅಲೆಮಾರಿಯೋ ಹೇಳಲಾಗದು. ಆದರೆ 4000 ವರ್ಷಗಳಿಗೂ ಹಿಂದೆ ಮನುಷ್ಯರ ಊರಿನೊಳಗೆ ಎರಡೂ ಓಡಾಡುತ್ತಿದ್ದವು ಎಂಬುದಂತೂ ಸ್ಪಷ್ಟ.

ಹೊಲದಲ್ಲೇ ಉಳಿದ ಬೆಕ್ಕು

ಮನುಷ್ಯರ ಹತ್ತಿರವಿದ್ದರೆ ಸಾಕೇ? ಸಾಲದು. ನಿಮ್ಮ ತೊಗರಿ, ಜೋಳದ ಹೊಲದಲ್ಲಿ ಓಡಾಡುವ ಕಾಡುಬೆಕ್ಕೇ ಇದಕ್ಕೆ ಉದಾಹರಣೆ. ಫೆಲಿಸ್ ಚೌಸ್ ಎಂಬ ಈ ಪ್ರಾಣಿ ಉದ್ದ ಕಾಲಿನದು, ಮೋಟು ಬಾಲದ್ದು. ಕಿವಿಯ ತುದಿಯಲ್ಲಿ ಕಪ್ಪು ಕೂದಲ ಸಣ್ಣ ಕುಚ್ಚು. ನೂರಾರು ತಲೆಮಾರು ಒಕ್ಕಲಿಗರ ಹೊಲದಲ್ಲಿ ಇಲಿ ಹಿಡಿದರೂ ಅದು ಮನೆಯದಾಗಲಿಲ್ಲ. ಚೀನಾದ ಚಿರತೆ ಬೆಕ್ಕಿನದೂ ಇದೇ ಕಥೆ. ಅದು 3500 ವರ್ಷಗಳಿಗೂ ಹೆಚ್ಚು ಕಾಲ ಹಳ್ಳಿಗಳ ಆಸುಪಾಸಿನಲ್ಲಿ ಬಾಳಿ, ಕೊನೆಗೂ ಕಾಡಿನದಾಗಿಯೇ ಉಳಿಯಿತು.

ನಮ್ಮ ಭಾಷೆಯಲ್ಲೂ ಈ ಇತಿಹಾಸದ ಒಂದು ಗುರುತು ಉಳಿದಿದೆ. ‘ಬೆಕ್ಕು’ ಎಂಬ ಪದದ ಹಳೆಯ ರೂಪ ‘ಬೆರ್ಕು’. ಇದರ ಸೋದರ ಪದವಾದ ತಮಿಳಿನ ‘ವೆರುಕು’ ಗಂಡು ಬೆಕ್ಕಿಗೂ ಕಾಡಿನ ಬೆಕ್ಕಿಗೂ ಸಲ್ಲುತ್ತದೆ. ಮಲಯಾಳದಲ್ಲಿ ಅದೇ ಪದಕ್ಕೆ ಪುನುಗು ಬೆಕ್ಕು ಎಂದರ್ಥ. ತುಳುವಿನ ‘ಬೆರ್ಕು’ ಸಹ ಕಾಡಿನದೇ. ಪೊದೆಯಲ್ಲಿ ಅಡಗುವ ಪ್ರಾಣಿಗೆ ಇದ್ದ ಹೆಸರೇ ಕನ್ನಡದಲ್ಲಿ ಒಲೆಯ ಪಕ್ಕ ಮಲಗುವ ಪ್ರಾಣಿಗೂ ಬಂದಂತಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಟಾವಿನ ಕಾಲದಲ್ಲಿ ಹೊಲದಲ್ಲಿ ಮರಿಗಳು ಸಿಕ್ಕರೆ ಅವು ಕಾಡುಬೆಕ್ಕಿನವು ಆಗಿರಬಹುದು. ತಾಯಿ ಹತ್ತಿರದಲ್ಲೇ ಇರುತ್ತದೆ. ಜನ ದೂರ ಸರಿದ ಮೇಲೆ ಮರಿಗಳನ್ನು ಒಯ್ಯುತ್ತದೆ. ಅವುಗಳನ್ನು ಮನೆಗೆ ತರುವುದು ರಕ್ಷಣೆಯಲ್ಲ. ಕಾಡುಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಸಂದೇಹವಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಹಗೆ ಹುಟ್ಟಿನದೇ?

ಇನ್ನು ಹಿರಿಯರ ಮಾತಿಗೆ ಬರೋಣ. ಬೆಕ್ಕಿನ ಹಗೆ ರಕ್ತದಲ್ಲೇ ಬಂದದ್ದೇ ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರು ಚೀನಾದ ಮನೋವಿಜ್ಞಾನಿ ಜಿಂಗ್-ಯಾಂಗ್ ಕುವೊ. ಅವರು ಆರಿಸಿಕೊಂಡದ್ದು ಬೆಕ್ಕು ಇಲಿಗಳ ಜೋಡಿಯನ್ನು. 1930ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮರಿಗಳನ್ನು ಮೂರು ಬಗೆಯಲ್ಲಿ ಬೆಳೆಸಲಾಯಿತು. ತಾಯಿ ಇಲಿ ಕೊಲ್ಲುವುದನ್ನು ನೋಡುತ್ತ ಬೆಳೆದ 21 ಮರಿಗಳಲ್ಲಿ 18 ಮರಿಗಳು ಮುಂದೆ ಇಲಿ ಕೊಂದವು. ಒಂಟಿಯಾಗಿ ಬೆಳೆದ 20ರಲ್ಲಿ 9 ಕೊಂದವು. ಇಲಿಯ ಜೊತೆಗೇ ಬೆಳೆದ 18ರಲ್ಲಿ ಕೊಂದವು 3 ಮಾತ್ರ; ಅವೂ ತಮ್ಮ ಜೊತೆ ಬೆಳೆದ ಜಾತಿಯ ಇಲಿಯನ್ನು ಮುಟ್ಟಲಿಲ್ಲ. ಬೇಟೆಯ ಒಲವು ಹುಟ್ಟಿನಿಂದ ಬಂದಿರಬಹುದು, ಆದರೆ ಯಾರನ್ನು ಬೇಟೆ ಎಂದು, ಯಾರನ್ನು ಒಡನಾಡಿ ಎಂದು ಬಗೆಯಬೇಕು ಎಂಬುದರಲ್ಲಿ ಬಾಲ್ಯದ ಪಾಲು ದೊಡ್ಡದು.

ಆ ಬಾಲ್ಯ ಎಷ್ಟು ದಿನದ್ದು? ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ಇದನ್ನು ಅಳೆದರು. ಹುಟ್ಟಿದ ಎರಡರಿಂದ ಏಳನೆಯ ವಾರದವರೆಗಿನ ಅವಧಿ ನಿರ್ಣಾಯಕ ಎಂದು ಅವರು ಕಂಡುಕೊಂಡರು. ಈ ದಿನಗಳಲ್ಲಿ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಮುಂದೆ ತಾವಾಗಿಯೇ ಹತ್ತಿರ ಬಂದವು, ಮಡಿಲಲ್ಲಿ ಹೆಚ್ಚು ಹೊತ್ತು ಕುಳಿತವು. ಕಾಡಿನ ಪೂರ್ವಜರಿಂದ ಸಾವಿರಾರು ವರ್ಷಗಳಲ್ಲಿ ಇಳಿದ ಅಂಜಿಕೆ ಪ್ರತಿ ಮರಿಯಲ್ಲೂ ಈ ಐದು ವಾರಗಳಲ್ಲಿ ಮತ್ತೊಮ್ಮೆ ಇಳಿಯಬೇಕು. ಚೀಲದಲ್ಲಿ ಕಟ್ಟಿ ಎಸೆದ ಮರಿ ಕಳೆದುಕೊಳ್ಳುವುದು ಹಾಲನ್ನಷ್ಟೇ ಅಲ್ಲ, ಈ ದಿನಗಳನ್ನೂ. ಹಾಗೆ ಹಸಿವು ಬಾಯಾರಿಕೆಗೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ನಾಯಿಯ ಸಂಗತಿಯೇನು? ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದ ಫೊಯರ್‌ಸ್ಟೈನ್ ಮತ್ತು ಟರ್ಕೆಲ್ ಅವರು ನಾಯಿ ಬೆಕ್ಕು ಎರಡನ್ನೂ ಸಾಕಿದ ಮನೆಗಳನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಮನೆಗಳಲ್ಲಿ ಎರಡೂ ಸ್ನೇಹದಿಂದ ಇದ್ದವು. ಬೆಕ್ಕು ಆರು ತಿಂಗಳೊಳಗೆ, ನಾಯಿ ಒಂದು ವರ್ಷದೊಳಗೆ ಒಂದನ್ನೊಂದು ಕಂಡಿದ್ದರೆ ನಂಟು ಬೆಳೆಯುವ ಸಾಧ್ಯತೆ ಹೆಚ್ಚು. ಇನ್ನೊಂದು ವಿಷಯವಂತೂ ಅಚ್ಚರಿಯದು. ನಾಯಿ ಬಾಲ ಆಡಿಸಿದರೆ ಸಾಮಾನ್ಯವಾಗಿ ಸ್ನೇಹ. ಬೆಕ್ಕು ಬಾಲ ಬೀಸಿದರೆ ಸಿಟ್ಟು. ಒಂದೇ ಸನ್ನೆಗೆ ಎರಡು ಅರ್ಥ. ಒಂದೇ ಸೂರಿನಡಿ ಇದ್ದ ಪ್ರಾಣಿಗಳು ಪರಸ್ಪರರ ಈ ‘ಭಾಷೆ’ಯನ್ನು ಸರಿಯಾಗಿಯೇ ಓದಲು ಕಲಿತಿದ್ದವು.

ಬೆಕ್ಕು ನಂಬಿಕೆಯ ಪ್ರಾಣಿಯಲ್ಲ ಎಂಬ ಮಾತೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಕಿದವರು ಮರಿಯನ್ನು ಹೊಸ ಕೋಣೆಯಲ್ಲಿ ಎರಡು ನಿಮಿಷ ಬಿಟ್ಟು ಹಿಂದಿರುಗುತ್ತಿದ್ದರು. ಶೇಕಡಾ 64.3ರಷ್ಟು ಮರಿಗಳು ಅವರನ್ನು ಕಂಡು ನೆಮ್ಮದಿಗೊಂಡು, ಮತ್ತೆ ಕೋಣೆಯನ್ನು ಶೋಧಿಸತೊಡಗಿದವು. ಮಕ್ಕಳಲ್ಲಿ ತಾಯಿಯ ಕಡೆಗೆ ಕಾಣುವ ಭದ್ರ ನಂಟು ಇದೇ ಬಗೆಯದು.

ತುಂಬಿದ ಮನೆಗೆ ಎತ್ತಿ ತಂದ ಮರಿ

ಈ ತಿಳಿವಳಿಕೆಯನ್ನು ನಮ್ಮ ಒಕ್ಕಲುಮನೆಗೆ ಹೇಗೆ ಅನ್ವಯಿಸುವುದು? ಮೊದಲ ಒಂದೆರಡು ವಾರ ಮರಿಗೆ ಪ್ರತ್ಯೇಕ ಕೋಣೆ ಇರಲಿ. ಅಡಗಲು ಬುಟ್ಟಿ, ಏರಿ ಕೂರಲು ಗೋಡೆಯ ಗೂಡು, ಮಲವಿಸರ್ಜನೆಗೆ ಮರಳಿನ ತಟ್ಟೆ ಇದ್ದರೆ ಸಾಕು. ಬೆಕ್ಕು ಬೇಟೆಗಾರನೂ ಹೌದು, ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಎತ್ತರದ ಜಾಗ ಅದಕ್ಕೆ ಧೈರ್ಯ ಕೊಡುತ್ತದೆ. ಹೊರಗೆಳೆಯಬೇಡಿ. ದಿನವೂ ಹೊತ್ತಿಗೆ ಸರಿಯಾಗಿ ಊಟ ಇಟ್ಟು, ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಕಣದ ಬೆಕ್ಕು ತಾನಾಗಿ ಬಂದಂತೆ ಇದೂ ತಾನಾಗಿಯೇ ಬರಬೇಕು. ಕಣ್ಣು ಸರಿಯಾಗಿ ಬಿಡದ ಎಳೆ ಮರಿಗೆ ಆಕಳ ಹಾಲು ಭೇದಿ ತರಬಹುದು. ಅಂತಹ ಮರಿಯನ್ನೂ, ಒಂದು ದಿನ ಏನೂ ತಿನ್ನದ ಮರಿಯನ್ನೂ ಪಶು ಆಸ್ಪತ್ರೆಗೆ ಒಯ್ಯಿರಿ.

ಎರಡನೆಯ ಹೆಜ್ಜೆ ವಾಸನೆಯ ಪರಿಚಯ. ಮರಿಯ ಕೆನ್ನೆ ಒರೆಸಿದ ಬಟ್ಟೆಯನ್ನು ನಾಯಿ ಮಲಗುವಲ್ಲಿ ಇಡಿ, ನಾಯಿಯ ಬಟ್ಟೆಯನ್ನು ಮರಿಯ ಹತ್ತಿರ ಇಡಿ. ಬಳಿಕ ನಾಯಿಯನ್ನು ಕಟ್ಟಿ, ಬಾಗಿಲ ಸಂದಿಯಿಂದ ಒಂದನ್ನೊಂದು ನೋಡಲು ಬಿಡಿ. ಆ ಹೊತ್ತಿನಲ್ಲಿ ಎರಡಕ್ಕೂ ತಿನ್ನಲು ಕೊಡಿ. ಸುಮ್ಮನಿದ್ದ ನಾಯಿಯನ್ನು ಮೆಚ್ಚಿ ತಲೆ ಸವರಿ. ಎತ್ತು ಎಮ್ಮೆಗಳಿಂದ ಕಾಲ್ತುಳಿತದ ಅಪಾಯ ಮಾತ್ರ ಉಂಟು. ಕೋಳಿಮರಿಗಳ ಸಂಗತಿ ಬೇರೆ. ಬೆಳೆದ ಬೆಕ್ಕಿನ ಕಣ್ಣಿಗೆ ಅವು ಬೇಟೆಯೇ. ಬಲಿಯುವ ತನಕ ಬುಟ್ಟಿ ಮುಚ್ಚಿಡುವುದು ಕ್ಷೇಮ.

ರೇಬೀಸ್ ವಿಷಯದಲ್ಲಿ ಅಸಡ್ಡೆ ಸಲ್ಲದು. ನಾಯಿಗೂ, ಮೂರು ತಿಂಗಳು ತುಂಬಿದ ಬೆಕ್ಕಿಗೂ ಲಸಿಕೆ ಹಾಕಿಸಬೇಕು. ಬೀದಿಯಿಂದ ತಂದ ಮರಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಏಳು ವಾರ ದಾಟಿದ ಮೇಲೆ ಸಿಕ್ಕ ಮರಿ ಎಂದೂ ಒಗ್ಗದು ಎಂದು ತಿಳಿಯಬೇಡಿ. ಅದಕ್ಕೆ ಹೆಚ್ಚು ಕಾಲ ಬೇಕು, ಅಷ್ಟೇ. ಶಿಕ್ಷಕರು ಇದನ್ನೇ ಒಂದು ವೀಕ್ಷಣಾ ಪಾಠವಾಗಿಸಬಹುದು. ಬೆಕ್ಕು ಸಾಕಿದ ಮನೆಯ ವಿದ್ಯಾರ್ಥಿಗಳು ಪ್ರತಿದಿನ ಒಂದೇ ಹೊತ್ತಿನಲ್ಲಿ ಬೆಕ್ಕು ನಾಯಿಗಳ ನಡುವಿನ ದೂರ ಎಷ್ಟು ಗೇಣು, ಬೆಕ್ಕಿನ ಬಾಲ ನೆಟ್ಟಗಿದೆಯೋ ಬೀಸುತ್ತಿದೆಯೋ, ಕಿವಿ ಮುಂದಿದೆಯೋ ಹಿಂದಕ್ಕೆ ಒರಗಿದೆಯೋ ಎಂದು ಒಂದು ತಿಂಗಳು ಬರೆದಿಡಲಿ. ಅದನ್ನು ನಕ್ಷೆ ಹಾಳೆಯ ಮೇಲೆ ಗುರುತಿಸಲಿ. ದೂರ ದಿನೇ ದಿನೇ ಕಡಿಮೆಯಾಗುತ್ತಿದ್ದರೆ, ಕಣದ ಅಂಚಿನಿಂದ ಒಲೆಯ ಪಕ್ಕಕ್ಕೆ ಬೆಕ್ಕು ನಡೆದುಬಂದ ದಾರಿಯೇ ಆ ಗೆರೆಯಲ್ಲಿ ಕಾಣುತ್ತದೆ. ‘ಬಿಟ್ಟು ಬಾ’ ಎಂದ ಹಿರಿಯರಿಗೂ ಆ ಹಾಳೆಯನ್ನು ತೋರಿಸಲಿ.