ಮುಸೊಲಿನಿಯನ್ನು ಕುಣಿಸಿದವರು

ರಾತ್ರಿ ಕೋಡ್ ಬರೆಯುವಾಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳೋದು ನನ್ನ ಹಳೇ ಚಾಳಿ. ಹಾಗೇ ಒಂದಿನ ಕೇಳಿಸಿದ್ದು 'ಡೆರ್ ಮುಸೊಲಿನಿ'. ನಾಲ್ಕಾರು ಬಾಸ್ ಸ್ವರಗಳು ಹಿಟ್ಟಿನ ಗಿರಣಿ ಥರ ಸುತ್ತುತ್ತಿವೆ, ಅದರ ಮೇಲೆ ಡ್ರಮ್ಸ್, ಒಬ್ಬ ಜರ್ಮನ್‌ನಲ್ಲಿ ಅಪ್ಪಣೆ ಕೊಡುವವನ ಹಾಗೆ ಹಾಡುತ್ತಿದ್ದಾನೆ. ನಡುವೆ ಹಿಟ್ಲರ್ ಹೆಸರು ಬೇರೆ! ಕಸಿವಿಸಿಯಾಯ್ತು. ಇವರೇನು ನಾಜಿಗಳಾ?

ತಂಡದ ಹೆಸರಿನ ಅರ್ಥ 'ಜರ್ಮನ್ ಅಮೆರಿಕನ್ ಸ್ನೇಹ', ಚಿಕ್ಕದಾಗಿ ಡಾಫ್. 1978ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಶುರುವಾದಾಗ ನಾಲ್ಕೈದು ಜನರಿದ್ದರು. ಲಂಡನ್ನಿಗೆ ಹೋಗಿ 1980ರಲ್ಲಿ ಮ್ಯೂಟ್ ಕಂಪನಿಗೆ ಒಂದು ಆಲ್ಬಂ ಮಾಡಿದರು. ಆಮೇಲೆ ಉಳಿದವರು ಇಬ್ಬರೇ: ಹಾಡುವ ಗಾಬಿ ಡೆಲ್ಗಾಡೊ, ಡ್ರಮ್ಸ್ ಬಾರಿಸುವ ರಾಬರ್ಟ್ ಗೋರ್ಲ್.

ನಿಜವಾದ ಮಜಾ ಇಲ್ಲಿಂದ. 1981-82ರಲ್ಲಿ ವರ್ಜಿನ್ ಕಂಪನಿಗೆ ಮೂರು ಆಲ್ಬಂ, ಮೂರಕ್ಕೂ ನಿರ್ಮಾಪಕ ಕೋನಿ ಪ್ಲಾಂಕ್. ಅದೇ ಊರಿನ ಕ್ರಾಫ್ಟ್‌ವೆರ್ಕ್‌ನವರು ತಾಳವನ್ನೂ ಯಂತ್ರಕ್ಕೇ ಒಪ್ಪಿಸಿದ್ದರು. ಇವರು ಉಲ್ಟಾ. ಕೊರ್ಗ್ ಎಸ್‌ಕ್ಯೂ-10 ಅನ್ನೋ ಸೀಕ್ವೆನ್ಸರಿನಲ್ಲಿ 12 ಹೆಜ್ಜೆ. ಪ್ರತಿ ಹೆಜ್ಜೆಗೊಂದು ಗುಬ್ಬಿ ತಿರುಗಿಸಿ ಸ್ವರ ಕೂರಿಸಿದರೆ ಅದು ಸಿಂಥಸೈಜರನ್ನು ನುಡಿಸುತ್ತಲೇ ಇರುತ್ತೆ. ನಮ್ಮ ಭಾಷೆಯಲ್ಲಿ ಇನ್ಫೈನೈಟ್ ಲೂಪ್! ಅದರ ಜೊತೆ ಮನುಷ್ಯನೊಬ್ಬ ಬೆವರು ಸುರಿಸಿ ಡ್ರಮ್ಸ್ ಬಾರಿಸಬೇಕು. ಯಂತ್ರ ಸುಸ್ತಾಗಲ್ಲ, ಇವನು ಸುಸ್ತಾಗ್ತಾನೆ. ಆ ಜಗ್ಗಾಟವೇ ನನಗೆ ಇವರ ಸಂಗೀತದ ಜೀವ ಅನ್ನಿಸೋದು. ಮುಂದೆ ಯುರೋಪಿನ ಕರಾಳ ಎಲೆಕ್ಟ್ರಾನಿಕ್ ಸಂಗೀತದ ಒಂದು ಇಡೀ ಪಂಗಡ ಈ ದಾರಿಯಲ್ಲೇ ನಡೆಯಿತು.

ಇನ್ನು ನಾಜಿ ಪ್ರಶ್ನೆ. ಗಾಬಿ ಹುಟ್ಟಿದ್ದು ಸ್ಪೇನಿನ ಕಾರ್ಡೊಬಾದಲ್ಲಿ, 1958ರಲ್ಲಿ. ಫ್ರಾಂಕೋನ ಸರ್ವಾಧಿಕಾರದಿಂದ ತಪ್ಪಿಸಿಕೊಂಡು ಜರ್ಮನಿಗೆ ಬಂದ ಕುಟುಂಬ ಅವನದು. ಅವನ ಹಾಡಿನಲ್ಲಿ ಮುಸೊಲಿನಿ, ಹಿಟ್ಲರ್, ಯೇಸು, ಕಮ್ಯುನಿಸಂ ಎಲ್ಲವೂ ಬರೀ ಡ್ಯಾನ್ಸ್ ಸ್ಟೆಪ್ಪುಗಳು. ಸರ್ವಾಧಿಕಾರಿಯನ್ನು ಬೈದರೆ ಅವನು ಇನ್ನೂ ದೊಡ್ಡವನಾಗ್ತಾನೆ, ಡಿಸ್ಕೋದಲ್ಲಿ ಕುಣಿಸಿದರೆ? ಆದರೂ ಅನೇಕರು ಇವರನ್ನು ಫ್ಯಾಸಿಸ್ಟರೆಂದೇ ಅನುಮಾನಿಸಿದರು. ಅವರದ್ದು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಆ ಕಪ್ಪು ಚರ್ಮದ ಉಡುಪು, ಆ ಅಪ್ಪಣೆಯ ದನಿ, ಅದರಲ್ಲಿ ಇವರಿಗೂ ಒಂದು ಖುಷಿ ಇತ್ತು. ಕೇಳುತ್ತಾ ಕಾಲು ಕುಣಿಸುವ ನನಗೂ ಇದೆ, ಸುಳ್ಳ್ಯಾಕೆ ಹೇಳಲಿ.

ಮೂರನೇ ಆಲ್ಬಂಗೆ 'ಶಾಶ್ವತವಾಗಿ' ಅಂತ ಹೆಸರಿಟ್ಟು ಇಬ್ಬರೂ ಬೇರೆಯಾದರು (ನಗು ಬರುತ್ತೆ). 1986ರಲ್ಲೊಂದು, 2003ರಲ್ಲೊಂದು ಆಲ್ಬಂಗೆ ಮತ್ತೆ ಸೇರಿದರು. 2020ರ ಮಾರ್ಚಿನಲ್ಲಿ ಗಾಬಿ ತೀರಿಕೊಂಡ. ಗೋರ್ಲ್ ಎಂಬತ್ತರ ದಶಕದ ಹಳೇ ಸೀಕ್ವೆನ್ಸ್‌ಗಳನ್ನು ಹೊರತೆಗೆದು, ತಾನೇ ಹಾಡಿ, 2021ರಲ್ಲಿ ಕೊನೆಯ ಡಾಫ್ ಆಲ್ಬಂ ತಂದ. ಅದರ ಹೆಸರು 'ಇನ್ನುಳಿದದ್ದು ಒಬ್ಬನೇ'.