ನರ್ಸ್ ಕಂಡ ಅಮೆರಿಕ – 9: ಶಾಲೆ ಮುಗಿದ ಮೇಲೆ ಮುಂದೇನು?

ಹೋದ ವಾರದ ಪೋಸ್ಟ್ ಓದಿ ಇಬ್ಬರು ಅಮ್ಮಂದಿರು ಇನ್‌ಬಾಕ್ಸ್‌ಗೆ ಬಂದಿದ್ರಿ. ಮಗನಿಗೆ ಆಟಿಸಂ ಇದೆ, ಹೈಸ್ಕೂಲ್ ಮುಗಿದ ಮೇಲೆ ಕೆಲಸ ಕಲಿಯೋಕೆ ಸರ್ಕಾರದ ಸಹಾಯ ಸಿಗುತ್ತಾ ಅಂತ ಕೇಳಿದ್ರಿ. ಸಿಗುತ್ತೆ. ಆದರೆ ಆ ದುಡ್ಡು ನಿಮ್ಮ ಮಗನವರೆಗೆ ಬರೋಕೆ ಸುಮಾರು ನೂರು ವರ್ಷ ಹಿಡೀತು. ಇವತ್ತು ಆ ಕಥೆ.

ಶುರುವಾಗಿದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೆ ಕೆಲಸ ಕಲಿಸೋಕೆ 1918ರಲ್ಲಿ ಒಂದು ಕಾನೂನು ಬಂತು. 1920ರ ಜೂನ್ 2ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಮಿತ್-ಫೆಸ್ ಕಾಯ್ದೆಗೆ ಸಹಿ ಹಾಕಿ, ಆ ಸೌಲಭ್ಯವನ್ನು ಸಾಮಾನ್ಯ ನಾಗರಿಕರಿಗೂ ಕೊಟ್ಟರು. ಮೊದಲ ವರ್ಷ ಇಟ್ಟ ಹಣ 7,50,000 ಡಾಲರ್. ರಾಜ್ಯ ಒಂದು ಡಾಲರ್ ಹಾಕಿದರೆ ಫೆಡರಲ್ ಸರ್ಕಾರ ಇನ್ನೊಂದು ಡಾಲರ್ ಹಾಕಬೇಕು ಅನ್ನೋದು ಲೆಕ್ಕ.

ಆದರೆ ಅದು ದೈಹಿಕ ಅಂಗವೈಕಲ್ಯ ಇದ್ದವರಿಗೆ ಮಾತ್ರ. ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ ಇದ್ದವರನ್ನು ಸೇರಿಸಿಕೊಂಡದ್ದು 1943ರಲ್ಲಿ, ಅದೂ ಇನ್ನೊಂದು ಯುದ್ಧದ ಮಧ್ಯೆ.

ಈ ನಡುವೆ 1938ರ ಕೂಲಿ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿತ್ತು. ವಿಶೇಷ ಪರವಾನಗಿ ಪಡೆದ ಸಂಸ್ಥೆಗಳು ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬಹುದಿತ್ತು. ಶಾಲೆ ಮುಗಿಸಿದ ಎಷ್ಟೋ ಮಕ್ಕಳು ನೇರವಾಗಿ ಇಂಥ ಪ್ರತ್ಯೇಕ ವರ್ಕ್‌ಶಾಪ್‌ಗಳಿಗೆ ಹೋಗಿ ಅಲ್ಲೇ ಉಳಿದುಬಿಟ್ಟರು.

1973ರ ಪುನರ್ವಸತಿ ಕಾಯ್ದೆಯನ್ನು ಅಧ್ಯಕ್ಷ ನಿಕ್ಸನ್ ಎರಡು ಸಲ ವಾಪಸ್ ಕಳಿಸಿ ಕೊನೆಗೆ ಸಹಿ ಹಾಕಿದರು. ಅದರ 504ನೇ ಸೆಕ್ಷನ್ ಹೇಳೋದು ಇಷ್ಟೇ: ಫೆಡರಲ್ ಹಣ ತಗೊಳ್ಳೋ ಶಾಲೆ, ಕಾಲೇಜು, ಆಸ್ಪತ್ರೆಗಳು ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡೋ ಹಾಗಿಲ್ಲ. ಇದರ ನಿಯಮಗಳಿಗೆ ನಾಲ್ಕು ವರ್ಷ ಸಹಿಯೇ ಬೀಳಲಿಲ್ಲ. 1977ರ ಏಪ್ರಿಲ್‌ನಲ್ಲಿ ಜೂಡಿ ಹ್ಯೂಮನ್ ಜೊತೆ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಕೂತರು. ವೀಲ್‌ಚೇರ್‌ನಲ್ಲಿದ್ದವರು, ಕಣ್ಣು ಕಾಣದವರು, ಕಿವಿ ಕೇಳದವರು ಎಲ್ಲರೂ ಅಲ್ಲಿದ್ದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು.

ಇನ್ನು ನರ್ಸ್ ಆಗಿ ನನಗೆ ತುಂಬಾ ಹಿಡಿಸಿದ ಭಾಗ. 1996ರಲ್ಲಿ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗದ ಮುಖ್ಯಸ್ಥೆ ಎರಿನ್ ರೀಲಿ, ಅವರೂ ನರ್ಸ್. ಸಾಮಾನು ಜೋಡಿಸೋ ಕೆಲಸಕ್ಕೆ ಅಲ್ಲಿ ಜನ ನಿಲ್ಲುತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಐವಿ ಕಿಟ್ ಜಾಗದಲ್ಲಿ ಇಲ್ಲದಿದ್ದರೆ ಏನು ಪಾಡು ಅಂತ ಯಾವ ನರ್ಸನ್ನಾದ್ರೂ ಕೇಳಿ! ಬೆಳವಣಿಗೆಯ ತೊಂದರೆ ಇರೋ ಮಕ್ಕಳಿಗೆ ನಾವು ಚಿಕಿತ್ಸೆ ಕೊಡ್ತೀವಿ, ಅವರಿಗೇ ಈ ಕೆಲಸ ಕಲಿಸಿದರೇನು ಅಂತ ರೀಲಿ ಯೋಚಿಸಿದರು. ವಿಶೇಷ ಶಿಕ್ಷಣದ ಸೂಸಿ ರುಟ್ಕೋವ್‌ಸ್ಕಿ ಕೈಜೋಡಿಸಿದರು. ಹಾಗೆ ಹುಟ್ಟಿದ್ದು ಪ್ರಾಜೆಕ್ಟ್ ಸರ್ಚ್. ಶಾಲೆಯ ಕೊನೆಯ ವರ್ಷ ಮಕ್ಕಳು ಆಸ್ಪತ್ರೆಯಲ್ಲೇ ಬೇರೆ ಬೇರೆ ವಿಭಾಗ ಸುತ್ತಿ ನಿಜವಾದ ಕೆಲಸ ಕಲೀತಾರೆ. ಇವತ್ತು ಇದು ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲೂ ಇದೆ.

ಈ ದಾರಿಗೆ ಖಾಯಂ ಹಣ ಮೀಸಲಾದದ್ದು 2014ರ ಕಾನೂನಿನಿಂದ. ಪುನರ್ವಸತಿಗೆ ಬರೋ ಫೆಡರಲ್ ಅನುದಾನದಲ್ಲಿ ಪ್ರತಿ ರಾಜ್ಯವೂ ಕನಿಷ್ಠ 15 ಶೇಕಡಾ ಭಾಗವನ್ನು ಓದುತ್ತಿರೋ ಮಕ್ಕಳ ಉದ್ಯೋಗ ತಯಾರಿಗೇ ಇಡಬೇಕು. ಯಾವ ಕೆಲಸ ಹೊಂದುತ್ತೆ ಅನ್ನೋ ಸಲಹೆ, ಕೆಲಸದ ಜಾಗದಲ್ಲಿ ಕಲಿಕೆ, ಕಾಲೇಜಿನ ಮಾರ್ಗದರ್ಶನ, ಸಮಯಪಾಲನೆಯಂಥ ರೂಢಿ, ತನ್ನ ಪರವಾಗಿ ತಾನೇ ಮಾತಾಡೋದು, ಇವು ಐದು. 24 ವರ್ಷದೊಳಗಿನವರನ್ನು ಈ ತಯಾರಿ ಕೊಡದೆ ಕಡಿಮೆ ಕೂಲಿಯ ಕೆಲಸಕ್ಕೆ ಹಾಕೋ ಹಾಗೂ ಇಲ್ಲ. ನನ್ನ ಪ್ರಕಾರ ನೂರು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಇದೇ. ಮಗು ಮನೆಯಲ್ಲಿ ಕೂತ ಮೇಲೆ ಬರೋ ಸಹಾಯ ಬೇರೆ, ಶಾಲೆಯಲ್ಲಿದ್ದಾಗಲೇ ಬರೋದು ಬೇರೆ.

ನಮ್ಮವರಿಗೊಂದು ಮಾತು. "ಜನ ಏನಂತಾರೋ" ಅನ್ನೋದನ್ನ ನಾವು ಸೂಟ್‌ಕೇಸಲ್ಲಿ ಇಟ್ಕೊಂಡೇ ಬಂದಿರ್ತೀವಿ. ಮಗುವಿನ ವಿಷಯ ಮುಚ್ಚಿಟ್ಟರೆ, ಅದಕ್ಕೆಂದೇ ಇಟ್ಟ ಹಣ ಮಗುವಿಗೆ ತಲುಪಲ್ಲ. ಮಗುವಿಗೆ 16 ಆಗೋದರೊಳಗೆ ಐಇಪಿಯಲ್ಲಿ ಮುಂದಿನ ಬದುಕಿನ ಯೋಜನೆ ಇರಲೇಬೇಕು. ಮುಂದಿನ ಮೀಟಿಂಗ್‌ನಲ್ಲಿ "ಪ್ರೀ-ಎಂಪ್ಲಾಯ್‌ಮೆಂಟ್ ಟ್ರಾನ್ಸಿಷನ್ ಸರ್ವಿಸಸ್" ಅಂತ ಹೆಸರು ಹೇಳಿಯೇ ಕೇಳಿ. ಪುನರ್ವಸತಿ ಇಲಾಖೆಗೆ ಪೂರ್ತಿ ಅರ್ಜಿ ಹಾಕುವ ಮೊದಲೇ ಇದು ಸಿಗಬಹುದು. ವಯಸ್ಸಿನ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನೂ ವಿಚಾರಿಸಿ.

ಈಗಾಗಲೇ ಇದನ್ನು ಪಡೆದವರಿದ್ದರೆ ನಿಮ್ಮ ರಾಜ್ಯದ ಅನುಭವ ಕಾಮೆಂಟ್‌ನಲ್ಲಿ ಬರೀರಿ. ಆ ಇಬ್ಬರು ಅಮ್ಮಂದಿರಿಗೆ ನನ್ನ ಇತಿಹಾಸಕ್ಕಿಂತ ಅದೇ ಹೆಚ್ಚು ಉಪಯೋಗ.