ಪರದೆಯ ಹಿಂದಿನ ತಪಾಸಣೆ: ಒಂದು ಸಣ್ಣ ಚರಿತ್ರೆ

ಮುಂಬಯಿ, ಬೆಂಗಳೂರು, ಮಂಗಳೂರು, ಯಾವ ವಿಮಾನ ನಿಲ್ದಾಣಕ್ಕೆ ಹೋದರೂ ಹೆಂಗಸರ ತಪಾಸಣೆಗೆಂದು ಒಂದು ಪುಟ್ಟ ಗೂಡು, ಅದಕ್ಕೊಂದು ಪರದೆ ಇರುತ್ತದೆ. ಒಳಗೆ ಹೋಗಿ ಎರಡೂ ಕೈ ಅಗಲಿಸಿ ನಿಂತರೆ ಸಿಐಎಸ್‌ಎಫ್ ಮಹಿಳಾ ಸಿಬ್ಬಂದಿ ಮೆಟಲ್ ಡಿಟೆಕ್ಟರ್ ಆಡಿಸುತ್ತಾರೆ. ಸೆರಗಿನ ಪಿನ್ನು, ಬಳೆ, ಕರಿಮಣಿ, ಮಂಡಿ ಆಪರೇಷನ್ ಆದವರಾದರೆ ಮಂಡಿ, ಎಲ್ಲಕ್ಕೂ ಅದು ಕುಂಯ್ ಎನ್ನುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ಅಪರಿಚಿತರೊಬ್ಬರು ನಮ್ಮ ಮೈ ಮುಟ್ಟಿ ನೋಡುವ ಈ ಅಧಿಕಾರ ಎಲ್ಲಿಂದ ಬಂತು, ಅದಕ್ಕೆ ಮಿತಿ ಹಾಕಿದವರು ಯಾರು ಎಂದು ಹುಡುಕುತ್ತಾ ಹೋದರೆ ಐವತ್ತು ವರ್ಷಗಳ ಕಥೆಯೇ ಬಿಚ್ಚಿಕೊಳ್ಳುತ್ತದೆ.

1960ರ ದಶಕದ ಅಮೆರಿಕದಲ್ಲಿ ವಿಮಾನ ಹತ್ತುವುದು ನಮ್ಮ ಊರಿನ ಬಸ್ಸು ಹತ್ತಿದಷ್ಟೇ ಸಲೀಸಾಗಿತ್ತು. ಬೀಳ್ಕೊಡಲು ಬಂದವರು ಗೇಟಿನವರೆಗೂ ಹೋಗಬಹುದಿತ್ತು. 1968ರಿಂದ 1972ರೊಳಗೆ ಅಲ್ಲಿ ನೂರಕ್ಕೂ ಹೆಚ್ಚು ಅಪಹರಣಗಳೂ ಅಪಹರಣದ ಯತ್ನಗಳೂ ನಡೆದವು. ಹೆಚ್ಚಿನವರ ಬೇಡಿಕೆ ಒಂದೇ: ಕ್ಯೂಬಾಕ್ಕೆ ನಡೆ. ಇಷ್ಟಾದರೂ ಎಲ್ಲರನ್ನೂ ತಪಾಸಣೆ ಮಾಡಿದರೆ ಗಿರಾಕಿಗಳು ಬೇಸರಪಟ್ಟುಕೊಳ್ಳುತ್ತಾರೆ ಎಂದು ವಿಮಾನ ಕಂಪನಿಗಳು ಹಿಂದೇಟು ಹಾಕಿದವು. 1972ರ ನವೆಂಬರಿನಲ್ಲಿ ಮೂವರು ಅಪಹರಣಕಾರರು ಸದರ್ನ್ ಏರ್‌ವೇಸ್ ವಿಮಾನವನ್ನು ಓಕ್ ರಿಡ್ಜ್‌ನ ಅಣು ಸ್ಥಾವರದ ಮೇಲೆ ಬೀಳಿಸುತ್ತೇವೆ ಎಂದು ಬೆದರಿಸಿದಾಗ ಕಂಪನಿಗಳ ವಾದ ಮುಗಿಯಿತು. 1973ರ ಜನವರಿ 5ರಿಂದ ಪ್ರತಿ ಪ್ರಯಾಣಿಕರ, ಪ್ರತಿ ಕೈಚೀಲದ ತಪಾಸಣೆ ಕಡ್ಡಾಯವಾಯಿತು.

ಅಕಾರಣ ಶೋಧದಿಂದ ನಾಗರಿಕರನ್ನು ಕಾಪಾಡುವ ನಾಲ್ಕನೇ ತಿದ್ದುಪಡಿ ಅಮೆರಿಕದ ಸಂವಿಧಾನದಲ್ಲಿ 1791ರಿಂದಲೇ ಇದೆ. ಹಾಗಾದರೆ ಸಂಶಯವೇ ಇಲ್ಲದವರನ್ನು ತಡೆದು ನೋಡುವುದು ಹೇಗೆ? ಆ ವರ್ಷವೇ ಡೇವಿಸ್ ಎಂಬ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಂದು ದಾರಿ ಹುಡುಕಿತು. ಇದು ಅಪರಾಧಿಯ ಶೋಧವಲ್ಲ, ಆಡಳಿತಾತ್ಮಕ ತಪಾಸಣೆ. ಆಯುಧ, ಸ್ಫೋಟಕ ಹುಡುಕಲು ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಬೇಕು. ಬೇಡವೆನ್ನುವವರು ಪ್ರಯಾಣ ಬಿಟ್ಟು ವಾಪಸು ಹೋಗಬಹುದು ಎಂದಿತು. ಆ ವಾಪಸು ಹೋಗುವ ಬಾಗಿಲನ್ನು 2007ರಲ್ಲಿ ಅದೇ ನ್ಯಾಯಾಲಯ ಮುಚ್ಚಿತು. ತಪಾಸಣೆ ಶುರುವಾದ ಮೇಲೆ ಅರ್ಧಕ್ಕೆ ಬೇಡ ಎನ್ನುವಂತಿಲ್ಲ ಎಂಬುದು ಹೊಸ ತೀರ್ಪು.

ನಮ್ಮ ದೇಶದ ಕಥೆ 1971ರ ಜನವರಿ 30ರಂದು ಶ್ರೀನಗರದಿಂದ ಹೊರಟ 'ಗಂಗಾ' ಎಂಬ ಫೋಕರ್ ವಿಮಾನದಿಂದ ಆರಂಭವಾಗುತ್ತದೆ. ಇಬ್ಬರು ಯುವಕರು ಅದನ್ನು ಲಾಹೋರಿಗೆ ಒಯ್ದು, ಪ್ರಯಾಣಿಕರನ್ನು ಇಳಿಸಿ, ಕೊನೆಗೆ ಸುಟ್ಟುಹಾಕಿದರು. ಅವರ ಕೈಯಲ್ಲಿದ್ದದ್ದು ನಕಲಿ ಪಿಸ್ತೂಲು, ಮರದ ಗ್ರೆನೇಡು! 1978ರಲ್ಲಿ ಲಖನೌ–ದಿಲ್ಲಿ ವಿಮಾನವನ್ನು ಅಪಹರಿಸಿದವರ ಬಳಿ ಇದ್ದದ್ದೂ ಆಟಿಕೆ ಪಿಸ್ತೂಲು ಮತ್ತು ಒಂದು ಕ್ರಿಕೆಟ್ ಚೆಂಡು. (ಆ ಇಬ್ಬರೂ ಮುಂದೆ ಉತ್ತರ ಪ್ರದೇಶದಲ್ಲಿ ಶಾಸಕರಾದರು. ಇರಲಿ.) ಅದೇ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದು ಸಣ್ಣದೊಂದು ಘಟಕ ಹುಟ್ಟಿತು. 1985ರ ಜೂನ್ 23ರಂದು 'ಕನಿಷ್ಕ' ಆಕಾಶದಲ್ಲೇ ಸ್ಫೋಟಗೊಂಡು 329 ಜನ ಸತ್ತರು. 1987ರಲ್ಲಿ ಆ ಘಟಕವೇ ಬಿಸಿಎಎಸ್ ಎಂಬ ಸ್ವತಂತ್ರ ಇಲಾಖೆಯಾಯಿತು. ಇಂದು ನಮ್ಮ ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು ಎಂದು ಹೇಳುವವರು ಇವರೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕನಿಷ್ಕದ ಬಾಂಬು ಯಾರ ಮೈಮೇಲೂ ಇರಲಿಲ್ಲ; ವಿಮಾನ ಹತ್ತದೇ ಹೋದವನೊಬ್ಬನ ಸೂಟ್‌ಕೇಸಿನಲ್ಲಿತ್ತು. ಮರುವರ್ಷ ಮುಂಬಯಿಯಿಂದ ಹೊರಟ ಪ್ಯಾನ್ ಆಮ್ 73 ವಿಮಾನಕ್ಕೆ ಕರಾಚಿಯಲ್ಲಿ ನುಗ್ಗಿದವರು ಪ್ರಯಾಣಿಕರ ಸಾಲಿನಲ್ಲಿ ಬಂದವರಲ್ಲ, ಭದ್ರತಾ ಸಿಬ್ಬಂದಿಯ ಸಮವಸ್ತ್ರ ತೊಟ್ಟು ನೇರ ರನ್‌ವೇ ಕಡೆಯಿಂದ ಬಂದವರು. ಪ್ರಯಾಣಿಕರನ್ನು ಉಳಿಸಲು ಪ್ರಾಣ ಕೊಟ್ಟ ನೀರಜಾ ಭನೋಟ್‌ಗೆ ಇನ್ನೂ 23 ತುಂಬಿರಲಿಲ್ಲ. ಲೋಪ ಯಾರದೇ ಇರಲಿ, ಪ್ರತಿ ದುರಂತದ ನಂತರ ಹೊಸ ತಪಾಸಣೆ ಬಂದು ಸೇರಿದ್ದು ಮಾತ್ರ ಪ್ರಯಾಣಿಕರ ಮೈಗೆ. 1999ರ ಡಿಸೆಂಬರಿನ ಕಂದಹಾರ್ ಅಪಹರಣದ ಬಳಿಕ ರಾಜ್ಯ ಪೊಲೀಸರ ಬದಲು ಸಿಐಎಸ್‌ಎಫ್ ಬಂತು. 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರು. ಬೂಟಿನಲ್ಲಿ ಬಾಂಬಿಟ್ಟವನಿಂದಾಗಿ ಅಮೆರಿಕದಲ್ಲಿ ಬೂಟು ಬಿಚ್ಚುವ ನಿಯಮ (ಅದು 2025ರವರೆಗೆ ಇತ್ತು), 2006ರ ಲಂಡನ್ ಸಂಚಿನಿಂದಾಗಿ ದ್ರವಕ್ಕೆ 100 ಮಿಲಿಲೀಟರಿನ ಮಿತಿ. ನಿಯಮ ಹೊರಟುಹೋದದ್ದು ಅಪರೂಪ. ಕೈಚೀಲದ ಟ್ಯಾಗಿಗೆ ಠಸ್ಸೆ ಒತ್ತುವ ಪದ್ಧತಿ 2017ರಲ್ಲಿ ಬೆಂಗಳೂರು, ಮುಂಬಯಿ ಸೇರಿ ಏಳು ನಿಲ್ದಾಣಗಳಲ್ಲಿ ನಿಂತದ್ದೇ ನನಗೆ ನೆನಪಿರುವ ದೊಡ್ಡ ಬಿಡುಗಡೆ!

ಹಾಗಾದರೆ ಆ ಪರದೆ? ಹೆಣ್ಣನ್ನು ಶೋಧಿಸಬೇಕಾದರೆ ಇನ್ನೊಬ್ಬ ಹೆಣ್ಣೇ, ಮರ್ಯಾದೆಗೆ ಚ್ಯುತಿ ಬಾರದಂತೆ ಶೋಧಿಸಬೇಕು ಎಂಬ ನಿಯಮ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ಅದು 1973ರ ಸಂಹಿತೆಗೂ ಈಗಿನ ನಾಗರಿಕ ಸುರಕ್ಷಾ ಸಂಹಿತೆಗೂ ಇಳಿದು ಬಂದಿದೆ. ಗೂಡಿನ ಪರದೆಯ ಬೇರು ಇಲ್ಲೇ ಇರಬೇಕೆಂದು ನನ್ನ ಅನಿಸಿಕೆ. ಗಲ್ಫಿನಿಂದ ಚಿನ್ನ ತೊಟ್ಟು ಬರುವ ನಮ್ಮ ಕರಾವಳಿಯ ಹೆಂಗಸರು ತಿಳಿದಿರಬೇಕಾದ ಇನ್ನೊಂದು ಕಾನೂನಿದೆ. 1962ರ ಕಸ್ಟಮ್ಸ್ ಕಾಯ್ದೆಯ 102ನೇ ಕಲಮಿನಂತೆ, ಮೈ ಶೋಧಿಸುವ ಮೊದಲು ನನ್ನನ್ನು ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ ಎಂದು ಕೇಳುವ ಹಕ್ಕು ನಮಗಿದೆ. ಹೆಣ್ಣನ್ನು ಹೆಣ್ಣಲ್ಲದೆ ಬೇರೆ ಯಾರೂ ಶೋಧಿಸುವಂತಿಲ್ಲ ಎಂದೂ ಅಲ್ಲಿ ಸ್ಪಷ್ಟವಾಗಿ ಬರೆದಿದೆ.

2010ರ ಡಿಸೆಂಬರಿನಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಿಲ್ದಾಣದಲ್ಲಿ ಭಾರತದ ರಾಯಭಾರಿ ಮೀರಾ ಶಂಕರ್ ಅವರನ್ನು ಸಾಲಿನಿಂದ ಬದಿಗೆ ಕರೆದು ಮೈ ತಡವಿ ನೋಡಿದರು. ತಾನು ರಾಯಭಾರಿ ಎಂದು ತಿಳಿಸಿದರೂ ಬಿಡಲಿಲ್ಲ. ಅವರು ಸೀರೆ ಉಟ್ಟಿದ್ದೇ ಕಾರಣ ಎಂದು ಪತ್ರಿಕೆಗಳು ಬರೆದವು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ. ಇದನ್ನು ಒಪ್ಪಲಾಗದು ಎಂದು ಅವರು ಬಹಿರಂಗವಾಗಿ ಹೇಳಿ, ಅಮೆರಿಕ ಸರಕಾರದ ಮುಂದೆ ವಿಷಯ ಇಟ್ಟರು. ಒಳ್ಳೆಯದೇ. ಆದರೆ ಮಗಳ ಬಾಣಂತನಕ್ಕೆಂದು ಸೀರೆಯಲ್ಲೇ ನ್ಯೂಜೆರ್ಸಿಗೆ ಹೋಗುವ ತಾಯಂದಿರ ಪರವಾಗಿ ಯಾವ ಸಚಿವರು ಪತ್ರ ಬರೆಯುತ್ತಾರೆ?

ಆ ಹೊತ್ತಿಗೆ ಅಮೆರಿಕದಲ್ಲಿ ದೇಹದ ಸ್ಕ್ಯಾನರುಗಳು ಬಂದಿದ್ದವು. 2009ರ ಕ್ರಿಸ್‌ಮಸ್ ದಿನ ಒಳ ಉಡುಪಿನಲ್ಲಿ ಸ್ಫೋಟಕ ಇಟ್ಟುಕೊಂಡು ಬಂದವನ ಪ್ರಭಾವ ಅದು. ಅವುಗಳಲ್ಲಿ ಎಕ್ಸ್-ರೇ ಬಳಸುವ ಒಂದು ಬಗೆಯ ಯಂತ್ರ ಬಟ್ಟೆಯೇ ಇಲ್ಲದಂತೆ ಮೈಯ ಚಿತ್ರ ತೋರಿಸುತ್ತಿತ್ತು. ಚಿತ್ರ ಉಳಿಯುವುದಿಲ್ಲ ಎಂದು ಅಧಿಕಾರಿಗಳು ಭರವಸೆ ಕೊಟ್ಟರು. ಎಪಿಕ್ ಎಂಬ ಖಾಸಗಿತನದ ಸಂಘಟನೆ ದಾಖಲೆ ಹೊರತೆಗೆಸಿದಾಗ, ಪರೀಕ್ಷಾ ಸ್ಥಿತಿಯಲ್ಲಿ ಚಿತ್ರ ಉಳಿಸುವ ಸಾಮರ್ಥ್ಯ ಯಂತ್ರಕ್ಕೆ ಇರಲೇಬೇಕೆಂದು ಖರೀದಿಯ ಷರತ್ತಿನಲ್ಲೇ ಬರೆದದ್ದು ಗೊತ್ತಾಯಿತು. ನಾನು ಸಾಫ್ಟ್‌ವೇರ್ ಕೆಲಸದವಳು. ಟೆಸ್ಟ್ ಮೋಡ್ ಎಂದು ಇಟ್ಟ ಗುಂಡಿಯನ್ನು ಯಾರೋ ಒಂದು ದಿನ ಒತ್ತಿಯೇ ಒತ್ತುತ್ತಾರೆ ಎಂಬುದು ನಮ್ಮ ಧಂದೆಯಲ್ಲಿ ಎಲ್ಲರಿಗೂ ಗೊತ್ತು. 2011ರಲ್ಲಿ ನ್ಯಾಯಾಲಯ ಸ್ಕ್ಯಾನರು ಸಂವಿಧಾನಬಾಹಿರವಲ್ಲ ಎಂದರೂ, ಜನರ ಅಭಿಪ್ರಾಯ ಕೇಳದೆ ಜಾರಿಗೆ ತಂದದ್ದು ತಪ್ಪು ಎಂದಿತು. ಮೈಯ ಚಿತ್ರದ ಬದಲು ಎಲ್ಲರಿಗೂ ಒಂದೇ ಗೊಂಬೆಯಾಕಾರ ತೋರಿಸಬೇಕೆಂದು ಅಲ್ಲಿನ ಸಂಸತ್ತು ಕಾನೂನು ಮಾಡಿತು. ಹಾಗೆ ಬದಲಾಗದ ಎಕ್ಸ್-ರೇ ಯಂತ್ರಗಳು 2013ರ ಹೊತ್ತಿಗೆ ನಿಲ್ದಾಣಗಳಿಂದ ಹೊರಬಿದ್ದವು. ಯಂತ್ರವನ್ನು ಒಪ್ಪಿಕೊಂಡೇ ಅದರ ಕಣ್ಣಿಗೆ ಬಟ್ಟೆ ಕಟ್ಟಬಹುದು ಎಂದು ತೋರಿಸಿದ್ದು, ಪ್ರಶ್ನೆ ಕೇಳಿದವರು.

ನಮ್ಮಲ್ಲಿ ಪ್ರಶ್ನೆ ಕೇಳಿದವರಲ್ಲಿ ಮೊದಲು ನೆನಪಾಗುವವರು ಬೆಂಗಳೂರಿನ ಹಿರಿಯರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬ ವಾದಕ್ಕೆ ಸರಕಾರ ಆಧಾರ ಮಾಡಿಕೊಂಡಿದ್ದು 1954ರ ಎಂ.ಪಿ. ಶರ್ಮ ತೀರ್ಪು, ಆ ಪ್ರಕರಣವೂ ಶೋಧ ಮತ್ತು ಜಪ್ತಿಗೇ ಸಂಬಂಧಿಸಿದ್ದು. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಹಳೆಯ ಮಾತನ್ನು ಅಳಿಸಿಹಾಕಿದರು. ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಬೇಕಾದಷ್ಟನ್ನು ಮೀರಬಾರದು ಎಂದು ತೀರ್ಪು ಅಳತೆಗೋಲು ಕೊಟ್ಟಿತು. ಅವರಿಗೆ ಆಗ ವಯಸ್ಸು 91.

ಬೇಕಾದಷ್ಟು ಎಂದರೆ ಎಷ್ಟು? 2021ರ ಅಕ್ಟೋಬರಿನಲ್ಲಿ ನೃತ್ಯಗಾರ್ತಿ ಸುಧಾ ಚಂದ್ರನ್ ಒಂದು ವಿಡಿಯೊದಲ್ಲಿ ಕೈಮುಗಿದು ಕೇಳಿದ್ದು ಇದನ್ನೇ. ಪ್ರತಿ ಪ್ರಯಾಣದಲ್ಲೂ ಕೃತಕ ಕಾಲು ಬಿಚ್ಚಿ ತೋರಿಸು ಎನ್ನುತ್ತಾರೆ, ಸ್ಫೋಟಕ ಪತ್ತೆ ಮಾಡುವ ಬೇರೆ ಪರೀಕ್ಷೆ ಮಾಡಿ ಎಂದರೂ ಕೇಳುವುದಿಲ್ಲ ಎಂಬುದು ಅವರ ಅಳಲು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಡಿಸೆಂಬರಿನಲ್ಲಿ, ಜೀಜಾ ಘೋಷ್ ಎಂಬ ಅಂಗವಿಕಲ ಹೋರಾಟಗಾರ್ತಿಯ ಪ್ರಕರಣದ ಮುಂದುವರಿಕೆಯಲ್ಲಿ, ಕೃತಕ ಅವಯವ ಬಿಚ್ಚಿಸಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಮನೆಯಲ್ಲಿ ಅಂಥವರಿದ್ದರೆ ಈ ಮಾತು ನೆನಪಿಟ್ಟುಕೊಂಡು ಹೊರಡಿ. ಕೌಂಟರಿನಲ್ಲಿ ಇರುವ ಹುಡುಗಿಗೆ ಗೊತ್ತಿಲ್ಲದಿದ್ದರೆ ಮೇಲಿನ ಮಹಿಳಾ ಅಧಿಕಾರಿಯನ್ನು ಕರೆಸಿ.

ಈಗ ತಪಾಸಣೆ ಮೈಯಿಂದ ಮುಖಕ್ಕೆ ಬಂದಿದೆ. 2022ರ ಡಿಸೆಂಬರ್ 1ರಂದು ಬೆಂಗಳೂರು, ದಿಲ್ಲಿ, ವಾರಾಣಸಿಗಳಲ್ಲಿ ಡಿಜಿ ಯಾತ್ರಾ ಶುರುವಾಯಿತು. ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ಮಾಹಿತಿ ನಮ್ಮ ಫೋನಿನಲ್ಲೇ ಇರುತ್ತದೆ, ನಿಲ್ದಾಣಕ್ಕೆ ಕೊಟ್ಟದ್ದು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಿಹೋಗುತ್ತದೆ ಎಂದು ನಡೆಸುವವರು ಹೇಳುತ್ತಾರೆ. ಆದರೂ ಸರಿಯಾಗಿ ಕೇಳದೆಯೇ ಗೇಟಿನಲ್ಲಿ ಹೆಸರು ಸೇರಿಸಿದರು ಎಂಬ ದೂರುಗಳು ಬಂದವು. ಕಾಗದದಲ್ಲಿ ಅದು ಐಚ್ಛಿಕ. ಟಿಕೆಟ್ಟು, ಗುರುತಿನ ಚೀಟಿ ತೋರಿಸಿ ಒಳಗೆ ಹೋಗುವ ಹಳೆಯ ಸಾಲು ಇನ್ನೂ ಇದೆ. ನಾನು ಅದರಲ್ಲೇ ನಿಲ್ಲುತ್ತೇನೆ. ಆ ಸಾಲಿಗೆ ಎಷ್ಟು ಗೇಟು ಉಳಿದಿವೆ ಎಂದು ಪ್ರತಿ ಸಲವೂ ಎಣಿಸುತ್ತೇನೆ.